ಬೆಳಕು ನೋಡೋಕೆ ಒಂದ್ಸಲ ತಲೆ ಆಡಿಸಿ

…ಬೇಡ ಬೇಡ, ನೀವು ಏಳಬೇಡಿ. ನಾನೇ ಈ ಸ್ಟೂಲ್ ಎಳ್ಕೊಳ್ತೀನಿ. ಅಗೋ, ಕೂತೇಬಿಟ್ಟೆ. ಮೂರು ಸಲ ಈ ಮೆಟ್ಟಿಲ ಮುಂದೆ ಹಾದು ಹೋದೆ ಅಂದ್ನಲ್ಲ, ಇದು ಅಂಗಡಿ ಅಂತ ನಿಜವಾಗ್ಲೂ ಗೊತ್ತಾಗಲಿಲ್ಲ. ಮೆಟ್ಟಿಲ ಕೆಳಗೆ ಪೊರಕೆ ಇಡೋ ಜಾಗ ಅನ್ಕೊಂಡೆ. ಬೋರ್ಡಿಲ್ಲ, ಏನಿಲ್ಲ. ಪಕ್ಕದ ಟೈಲರ್ ಕೈ ತೋರಿಸಿದ ಮೇಲೆ ಬಗ್ಗಿ ನೋಡಿದ್ರೆ, ಒಳಗೆ ಇಷ್ಟೂ ಗಡಿಯಾರ, ಮಧ್ಯದಲ್ಲಿ ನೀವು.

ಫ್ಯಾನ್ ಸ್ವಲ್ಪ ಆರಿಸಲಾ? ಸದ್ದು ಮಾಡ್ತಿದೆ. ಸೆಕೆ ಏನಿಲ್ಲ ಅಲ್ವಾ ಇವತ್ತು… ಆರಿಸ್ತೀನಿ. ಹಾಂ. ಈ ಗಡಿಯಾರಗಳನ್ನೂ ಹಾಗೇ ಆರಿಸೋ ಹಾಗಿದ್ರೆ ಚೆನ್ನಾಗಿತ್ತು. ತಮಾಷೆಗೆ ಅಂದೆ. ನಿಮ್ಮದು ಟಿಕ್ ಟಿಕ್ ಅನ್ನಿಸೋ ಕಸುಬು, ನನ್ನದು ಸದ್ದು ಅಡಗಿಸೋ ಕಸುಬು. ಇಪ್ಪತ್ತು ವರ್ಷದಿಂದ ಎಲ್ಲಿ ಏನು ಸದ್ದಾದ್ರೂ ಕೈ ಸ್ವಿಚ್ ಹುಡುಕುತ್ತೆ.

ಗುರುತು ಸಿಕ್ತು ತಾನೆ? ನಾನು ಒಳಗೆ ಕಾಲಿಟ್ಟಾಗ ನಿಮ್ಮ ಕೈ ನಿಂತಿತು, ನೋಡಿದೆ. ಟಿವಿ ಕೋರ್ಟಿನವನು. ತೀರ್ಪು ಆದ ಮೇಲೆ ಕಾರಿಡಾರಲ್ಲಿ ಮೈಕು ಹಿಡಿದು 'ಈಗ ಏನನ್ನಿಸ್ತಿದೆ?' ಅಂತ ಕೇಳ್ತಾನಲ್ಲ, ಅವನು. ಎಲ್ಲರೂ ಮೈಕಣ್ಣ ಅಂತಾರೆ. ನಾಲ್ಕು ವರ್ಷ ಆಯ್ತು ಅಲ್ವಾ? ನೀವು ಬಡವಾಗಿದ್ದೀರಿ, ನಾನು ದಪ್ಪ ಆಗಿದ್ದೀನಿ. ಒಟ್ಟು ತೂಕ ಅಷ್ಟೇ ಇದೆ.

ಇಲ್ಲಿ ನೀವು ನಗಬೇಕಾಗಿತ್ತು. ಇರಲಿ.

ತಗೊಳ್ಳಿ. ಕರವಸ್ತ್ರ ಬಿಚ್ಚಿ ನೋಡಿ… ಹೌದು. ಅದೇ ವಾಚು. ನಿಮ್ಮ ಮೇಲೆ ಕೇಸು ಹಾಕಿದ್ನಲ್ಲ, ಆ ಡ್ರೈವರಣ್ಣನ ಅಪ್ಪನದು. ಕೇಸು ಗೆದ್ದ ಮೇಲೂ ಅವನು ವಾಪಸ್ ತಗೊಂಡು ಹೋಗಲಿಲ್ಲ. 'ಒಳಗೆ ನಮ್ಮಪ್ಪ ಇಲ್ಲದ ವಾಚು ನನಗ್ಯಾಕೆ' ಅಂದ. ನಮ್ಮ ಸಾಮಾನು ಕೋಣೆಯಲ್ಲಿ, ಹರಿದ ಕಪ್ಪು ಗೌನುಗಳ ಕೆಳಗೆ, ಬಿಸ್ಕತ್ತಿನ ಡಬ್ಬಿಯೊಳಗೆ ಬಿದ್ದಿತ್ತು. ನಿನ್ನೆ ಇನ್ನೇನೋ ಹುಡುಕೋವಾಗ ಕೈಗೆ ಸಿಕ್ತು. ಅಲ್ಲಿ ತನಕ ನಾನು ಅದನ್ನ ಮುಟ್ಟೇ ಇರಲಿಲ್ಲ. ಸಿಕ್ಕಿದ್ದೇ ತಡ, ನಿಮ್ಮ ನೆನಪಾಯ್ತು, ಎತ್ಕೊಂಡು ಬಂದೆ. ಓಡ್ತಿಲ್ಲ. ಓಡೋ ಹಾಗೆ ಮಾಡಿಕೊಡಿ. ಅಷ್ಟೇ ನಾನು ಬಂದಿದ್ದು.

ಸ್ವಲ್ಪ ಈ ಕಡೆ ತಿರುಗಿ ಕೂತ್ಕೊಳ್ತೀರಾ? ಬೆಳಕು ಮುಖದ ಮೇಲೆ ಬೀಳಲಿ… ಅಲ್ಲ, ವಾಚಿನ ಮೇಲೆ ಬೀಳಲಿ ಅಂದೆ. ನಿಮ್ಮ ಕಣ್ಣಿಗೆ ಒಳ್ಳೇದು ಅಂತ. ಬೇಡ್ವಾ? ಸರಿ, ಹಾಗೇ ಇರಿ.

ಏನು ನೋಡ್ತಿದ್ದೀರಿ? ಈ ಶರ್ಟಿನ ಗುಂಡಿನಾ? ದಾರ ಸಡಿಲ ಆಗಿದೆ. ಹೊಲಿದುಕೊಡ್ತೀನಿ ಅಂದ್ಲು ನನ್ನ ಹೆಂಡತಿ, ಪುರುಸೊತ್ತಾಗಲಿಲ್ಲ. ಆ ಭೂತಗನ್ನಡಿ ಗಾಜು ಕಣ್ಣಿಗೆ ಸಿಗಿಸ್ಕೊಂಡ್ರೆ ನಿಮಗೆ ಲೋಕದ ಹುಳುಕೆಲ್ಲ ಕಾಣುತ್ತೆ ಅನ್ಸುತ್ತೆ.

ಮಾತಾಡಿ ಏನಾದ್ರೂ. ನನಗೆ ಸುಮ್ಮನಿರೋದು ಅಂದ್ರೆ ಆಗಲ್ಲ. ನಮ್ಮಲ್ಲಿ ಒಂದು ಲೆಕ್ಕ ಇದೆ, ನಾಲ್ಕು ಸೆಕೆಂಡು. ಯಾರಾದ್ರೂ ನಾಲ್ಕು ಸೆಕೆಂಡಿಗಿಂತ ಹೆಚ್ಚು ಹೊತ್ತು ಸುಮ್ಮನಿದ್ರೆ ಜನ ಚಾನೆಲ್ ಬದಲಾಯಿಸ್ತಾರೆ. ಅದಕ್ಕೆ ಎಡಿಟಿಂಗಿನಲ್ಲಿ ಅದನ್ನ ಕತ್ತರಿಸ್ತಾರೆ, ಇಲ್ಲಾಂದ್ರೆ ಆ ಜಾಗಕ್ಕೆ ಬೇರೆ ಏನಾದ್ರೂ ಅಂಟಿಸ್ತಾರೆ. ನೀವು ಈಗ ಸುಮ್ಮನಿರೋದರಲ್ಲಿ ಒಂದು ಜಾಹೀರಾತು ತೋರಿಸಿ ಮುಗಿಸಬಹುದು.

ಜನ ಅದನ್ನ ಕೋರ್ಟು ಅಂತ ನಂಬ್ತಾರೆ ನೋಡಿ. ನೀವೂ ನಂಬಿದ್ರಿ. ಇಸ್ತ್ರಿ ಮಾಡಿದ ಶರ್ಟ್ ಹಾಕ್ಕೊಂಡು ಬಂದಿದ್ರಿ, ಬಾಗಿಲಲ್ಲಿ ನಿಂತು ಕೂದಲಿಗೆ ನೀರು ಸವರಿಕೊಂಡ್ರಿ. ಅದು ಗೋದಾಮು. ಮೊದಲು ಅಲ್ಲಿ ಸೋಫಾ ಮಾಡ್ತಿದ್ರು. ಆ ಕಂಬಗಳು ಥರ್ಮಾಕೋಲು. ಒಂದ್ಸಲ ಒಬ್ಬರು ಅತ್ತೆ ಸೊಸೆ ಮೇಲಿನ ಸಿಟ್ಟಿಗೆ ಗುದ್ದಿದ್ರು, ಕೈ ಆಚೆ ಕಡೆ ಬಂತು. ಜಡ್ಜಮ್ಮನ ಸುತ್ತಿಗೆ ನಮ್ಮ ಬಡಗಿ ಮುರಿದ ಮೇಜಿನ ಕಾಲಲ್ಲಿ ಕಡೆದಿದ್ದು. ಕುಟ್ಟಿದ್ರೆ ಸದ್ದೇ ಬರಲ್ಲ, ಆಮೇಲೆ ಹಾಕ್ತೀವಿ. ಕಟಕಟೆ ಪಕ್ಕ ಮೀಸೆ ತಿರುವಿಕೊಂಡು ನಿಂತಿರ್ತಾನಲ್ಲ ದಫೇದಾರ, ಅವನು ಉಳಿದ ದಿನ ಮಕ್ಕಳಿಗೆ ಈಜು ಕಲಿಸ್ತಾನೆ. ಹಿಂದೆ ಬೆಂಚಲ್ಲಿ ಕೂರೋ ಜನ ದಿನಗೂಲಿಯವರು. ದಿನಕ್ಕೆ ಮೂರು ಕೇಸು. ಒಂದು ಮುಗಿದ ಕೂಡ್ಲೇ ಎಡಗಡೆಯವರು ಬಲಗಡೆಗೆ ಹೋಗಿ, ಸ್ವೆಟರ್ ಬದಲಾಯಿಸಿ ಕೂರಬೇಕು. ಅವರ ನಗು, ಅವರ 'ಅಯ್ಯಯ್ಯೋ', ಅವರು ಬಾಯಿ ಮೇಲೆ ಕೈ ಇಟ್ಕೊಳ್ಳೋದು, ಎಲ್ಲ ಬೆಳಗ್ಗೆ ಒಂಬತ್ತಕ್ಕೇ ತೆಗೆದಿಟ್ಕೊಳ್ತೀವಿ. 'ಎದುರಿಗೆ ಒಬ್ಬ ಸುಳ್ಳು ಹೇಳ್ತಿದ್ದಾನೆ ಅನ್ಕೊಂಡು ನಗಿ' ಅಂತೀವಿ. ಖಾಲಿ ಕಟಕಟೆ ನೋಡ್ಕೊಂಡು ನಗ್ತಾರೆ. ಆವತ್ತು ನಿಮ್ಮನ್ನ ನೋಡಿ ಯಾರೂ ನಗಲಿಲ್ಲ, ಅದು ನಿಮಗೆ ಗೊತ್ತಿರಲಿ ಅಂತ ಹೇಳಿದೆ.

ಜಡ್ಜಮ್ಮ ಕೆಟ್ಟೋರಲ್ಲ. ಒಂದು ಕಾಲಕ್ಕೆ ವಕೀಲಿ ಮಾಡ್ತಿದ್ರು, ನಿಜವಾದ ಪೀಠದಲ್ಲಿ ಒಂದು ದಿನವೂ ಕೂತೋರಲ್ಲ. ಬರೋರೆಲ್ಲ ಮೊದಲೇ ಕಾಗದಕ್ಕೆ ಸಹಿ ಹಾಕಿರ್ತಾರಲ್ಲ, ಹೊರಗಿನ ದಾವೆ ಬಿಟ್ಟಿದ್ದೀವಿ, ಇವರು ಏನು ಹೇಳಿದ್ರೂ ಒಪ್ಪಿಗೆ ಅಂತ, ಆ ಕಾಗದವೇ ಅವರ ಪೀಠ. ಅದು ಪಂಚಾಯ್ತಿ. ಗೆದ್ದೋರಿಗೆ ಕೊಡೋದನ್ನೂ ನಮ್ಮ ಕಂಪನಿಯೇ ಕೊಡುತ್ತೆ, ಸೋತೋರಲ್ಲ. 'ಸೋತ್ರೆ ನಿಮಗೇನೂ ನಷ್ಟ ಇಲ್ಲ' ಅಂತ ನಾನೇ ಮನೆಮನೆಗೆ ಹೋಗಿ ಹೇಳಿ ಕರ್ಕೊಂಡು ಬರ್ತಿದ್ದೆ. ನಿಮಗೂ ಹೇಳಿದ್ದೆ… ಹಾಗೆ ನೋಡಬೇಡಿ. ಹೇಳಿದ್ದೆ, ಹೌದು.

ಜಡ್ಜಮ್ಮನ ಕಿವಿಯಲ್ಲಿ ಕೂದಲ ಕೆಳಗೆ ಬಟಾಣಿ ಗಾತ್ರದ್ದು ಒಂದು ಸ್ಪೀಕರ್ ಇರುತ್ತೆ. ಆಚೆ ಕೋಣೆಯಲ್ಲಿ ಕೂತೋರು ಅದರೊಳಗೆ ಹೇಳ್ತಾನೇ ಇರ್ತಾರೆ. 'ಮುಂದಕ್ಕೆ ಹೋಗಿ ಮೇಡಂ. ಅವನನ್ನ ಗದರಿಸಿ. ನೀರು ಕುಡೀರಿ, ಕ್ಯಾಮೆರಾ ಎರಡು ನೋಡಿ.' ಒಂದು ಕಿವಿಗೆ ನೀವು, ಇನ್ನೊಂದು ಕಿವಿಗೆ ಅವರು. ಮೂರು ಕೇಸು ಮುಗಿಸಿ ಕಾರು ಹತ್ತೋ ಹೊತ್ತಿಗೆ ಯಾರು ಏನು ಹೇಳಿದ್ರು ಅಂತ ಅವರಿಗೆ ನೆನಪೇ ಇರಲ್ಲ. ಇದನ್ನ ಯಾಕೆ ಹೇಳಿದೆ ಅಂದ್ರೆ… ಆಮೇಲೆ ಹೇಳ್ತೀನಿ.

ಆ ವ್ಯಾನಾ? ಮೂಲೆಯಲ್ಲಿ ನಿಂತಿರೋದಾ? ಯಾರದೋ. ಸಾಮಾನು ಇಳಿಸೋಕೆ ಬಂದಿರಬೇಕು. ನೀವು ವಾಚು ನೋಡಿ.

ನಿಮ್ಮ ಕೇಸು ಹನ್ನೊಂದು ನಿಮಿಷ ಬಂತು ಟಿವಿಯಲ್ಲಿ. ಶೂಟಿಂಗ್ ಐವತ್ತು ನಿಮಿಷ. ಪಾಪ, ಡ್ರೈವರಣ್ಣ ಸುಳ್ಳುಗಾರ ಅಲ್ಲ. ಅಪ್ಪ ದಿನಾ ಬೆಳಗ್ಗೆ ಹಲ್ಲುಜ್ಜೋಕೆ ಮುಂಚೆ ಕೀಲಿ ಕೊಡ್ತಿದ್ದ ವಾಚು. ಅಪ್ಪ ಹೋದ ಮೇಲೆ ತೊಳೆದುಕೊಡಿ ಅಂತ ನಿಮ್ಮ ಅಂಗಡಿಗೆ ಕೊಟ್ಟ, ಒಂದು ವಾರಕ್ಕೆ ವಾಪಸ್ ತಗೊಂಡ. ಆಮೇಲೆ ಇನ್ನೆಲ್ಲೋ ತೋರಿಸಿದಾಗ, 'ಒಳಗಿನ ಮಿಷನ್ ಈ ವಾಚಿಂದಲ್ಲ, ಅಗ್ಗದ್ದು, ಯಾರೋ ಬದಲಾಯಿಸಿದ್ದಾರೆ' ಅಂದ್ರು. ಯಾರೋ ಅಂದ್ರೆ ಯಾರು? ಕೊನೆಗೆ ಬಿಚ್ಚಿದೋರು ನೀವು. ಅವನು ಕಟಕಟೆಯಲ್ಲಿ ಅತ್ತಿದ್ದು ನಿಜವಾದ ಅಳು. ಅದನ್ನ ಬೆಳಗ್ಗೆ ತೆಗೆದಿಟ್ಟಿದ್ದಲ್ಲ.

ಜಡ್ಜಮ್ಮ ನಿಮ್ಮನ್ನ ಕೇಳಿದ್ರು. 'ಒಳಗಿನ ಮಿಷನ್ ನೀವು ಬದಲಾಯಿಸಿದ್ರಾ, ಇಲ್ವಾ?'

ನೀವು ಸುಮ್ಮನೆ ನಿಂತ್ರಿ. ಒಂಬತ್ತು ಸೆಕೆಂಡು. ಮೇಜಿನ ಮೇಲಿದ್ದ ವಾಚನ್ನೇ ನೋಡ್ತಿದ್ರಿ. ನನಗೀಗ ಗೊತ್ತು, ನೀವು ಹಾಗೇ, ಏನು ಕೇಳಿದ್ರೂ ಮೊದಲು ಯೋಚನೆ ಮಾಡಿ ಆಮೇಲೆ ಬಾಯಿ ಬಿಡೋರು. ಒಂಬತ್ತು ಸೆಕೆಂಡು ಆದ ಮೇಲೆ 'ಹಿಂದಿನ ಮುಚ್ಚಳ ತೆಗೀರಿ, ಅದರಲ್ಲೇ ಬರೆದಿದೆ' ಅಂದ್ರಿ. ಕೈ ಮುಂದಕ್ಕೆ ಚಾಚಿದ್ರಿ. ದಫೇದಾರ ತಡೆದ, ಸಾಕ್ಷಿ ಸಾಮಾನು ಮುಟ್ಟಬಾರದು ಅಂತ. ಮುಚ್ಚಳ ತೆಗೆಯೋ ಸಲಕರಣೆ ಸೆಟ್ಟಲ್ಲಿರಲಿಲ್ಲ. ತರಿಸೋಕೆ ಅರ್ಧ ಗಂಟೆ. ಕಿವಿಯಲ್ಲಿ 'ಮುಂದಕ್ಕೆ ಹೋಗಿ ಮೇಡಂ' ಅಂದ್ರು, ಅವರು ಹೋದ್ರು.

ಟಿವಿಯಲ್ಲಿ ಬಂದಿದ್ದು ಬೇರೆ. ನೀವು ನೋಡಿದ್ದೀರಿ. ಊರೇ ನೋಡಿದೆ. 'ಬದಲಾಯಿಸಿದ್ರಾ, ಇಲ್ವಾ?' ನಿಮ್ಮ ಮುಖ. ನೀವು ಹೂಂ ಅಂತ ತಲೆ ಆಡಿಸ್ತೀರಿ. ಹಿಂದಿನ ಬೆಂಚು ನಗುತ್ತೆ.

ಆ ತಲೆ ಆಡಿಸಿದ್ದು ಬೆಳಗ್ಗೆದು. ಹತ್ತೂಕಾಲಿಗೆ. ಲೈಟ್ ಸರಿ ಇದೆಯಾ ನೋಡೋಕೆ ಎಲ್ಲರ ಹತ್ರನೂ ಮಾಡಿಸ್ತೀವಿ, ಎಡಕ್ಕೆ ನೋಡಿ, ಬಲಕ್ಕೆ ನೋಡಿ, ತಲೆ ಬಗ್ಗಿಸಿ, ಹೂಂ ಅನ್ನಿ, ಊಹೂಂ ಅನ್ನಿ. ಮಾಡಿಸಿದ್ದು ಯಾರು ಅಂತ ನಿಮಗೆ ನೆನಪಿದೆಯೋ ಇಲ್ವೋ… ಇದೆ. ಸರಿ. ನಾನೇ. 'ಬೆಳಕು ನೋಡೋಕೆ ಒಂದ್ಸಲ ತಲೆ ಆಡಿಸಿ, ಯಜಮಾನ್ರೇ' ಅಂದೆ. 'ಇಷ್ಟು ಸಾಕಾ?' ಅಂತ ಕೇಳಿದ್ರಿ. 'ಇನ್ನೊಂದ್ಸಲ, ನಿಧಾನಕ್ಕೆ' ಅಂದೆ.

ಅದನ್ನ ಅಲ್ಲಿ ಅಂಟಿಸಿದ್ದು ಎಡಿಟರ್. ನಾನಲ್ಲ. ಅವನ ಹತ್ರ ಒಂಬತ್ತು ಸೆಕೆಂಡು ಮೌನದ ಗುಂಡಿ ಇತ್ತು, ಅದನ್ನ ಮುಚ್ಚಬೇಕಿತ್ತು. ನಾನು ಬಾಗಿಲ ಹತ್ರ ಟೀ ಕುಡೀತಾ ನಿಂತಿದ್ದೆ ಅಷ್ಟೇ. ನಿಂತಿದ್ದೆ, ಮತ್ತೆ… 'ಮೌನಂ ಸಮ್ಮತಿ ಲಕ್ಷಣಂ ಅಂತಾರಲ್ಲಪ್ಪಾ, ಅವನ ಬೆಳಗಿನ ತಲೆ ಆಡಿಸಿದ್ದಿದೆ, ಹಾಕು' ಅಂದೆ. ತಮಾಷೆಗೆ ಅಂದೆ. ಅವನು ಹಾಕಿ ತೋರಿಸಿದ. ಎಷ್ಟು ಚೆನ್ನಾಗಿ ಕೂತಿತು ಅಂದ್ರೆ ಇಬ್ಬರೂ ಚಪ್ಪಾಳೆ ತಟ್ಟಿದ್ವಿ.

ಏನಾದ್ರೂ ಅನ್ನಿ. ಬೈಯಿರಿ. ಬೈದ್ರೆ ಇನ್ನೂ ಒಳ್ಳೇದು, ಚೆನ್ನಾಗಿ ಬರುತ್ತೆ… ಮನಸ್ಸು ಹಗುರಾಗುತ್ತೆ ಅಂದೆ.

ನಿಮ್ಮ ಹಳೇ ಅಂಗಡಿ ಕಡೆಗೂ ಹೋಗಿದ್ದೆ ಈಗ. ಬೋರ್ಡು ಇನ್ನೂ ಇದೆ, 'ಅಣ್ಣ ತಮ್ಮ ಗಡಿಯಾರ ರಿಪೇರಿ'. 'ತಮ್ಮ' ಅನ್ನೋದರ ಮೇಲೆ ಮಾತ್ರ ಹಸಿರು ಬಣ್ಣ ಬಳಿದಿದ್ದಾರೆ. ಒಂದೇ ಕೈ ಬಳಿದಿರೋದು, ಬಿಸಿಲಿಗೆ ಅಕ್ಷರ ಮತ್ತೆ ಕಾಣ್ತಿದೆ. ನಿಮ್ಮ ಅಣ್ಣ ನನ್ನ ಹತ್ರ ಮಾತಾಡಲಿಲ್ಲ. ನಿಮ್ಮ ಅತ್ತಿಗೆ ಮಾತಾಡಿದ್ರು. ನಿಮ್ಮ ಅಣ್ಣ ನಿಮ್ಮನ್ನ ಒಂದೇ ಮಾತು ಕೇಳಿದ್ರಂತೆ, 'ನೀನು ಮಾಡಿಲ್ಲ ಅಂದ್ರೆ ತಲೆ ಯಾಕೆ ಆಡಿಸಿದೆ?' ನೀವು 'ಆಡಿಸಲಿಲ್ಲ' ಅಂದ್ರಂತೆ. ಅವರು ಫೋನಲ್ಲಿ ತೋರಿಸಿದ್ರಂತೆ. ನಲವತ್ತು ವರ್ಷ ಒಂದೇ ಮೇಜಲ್ಲಿ ಎದುರುಬದುರು ಕೂತೋರು. ಕಣ್ಣಾರೆ ಕಂಡಿದ್ದನ್ನ ಹೇಗೆ ಇಲ್ಲ ಅನ್ನೋದು, ಅಂತ ಅತ್ತಿಗೆ ನನ್ನನ್ನೇ ಕೇಳಿದ್ರು. ಅಡಿಕೆಗೆ ಹೋದ ಮಾನ ಆನೆ ಕೊಟ್ರೂ ಬರಲ್ಲ ಅಂದ್ರು.

ಬೀದಿ ಮಕ್ಕಳು ನಿಮ್ಮನ್ನ ಕಂಡ್ರೆ ತಲೆ ಆಡಿಸಿ ತೋರಿಸ್ತಿದ್ರಂತೆ. ಅದು ಟೈಲರ್ ಹೇಳಿದ್ದು. ಇನ್ನೊಂದೂ ಹೇಳಿದ. ನಾಲ್ಕು ವರ್ಷದಿಂದ ನೀವು ಯಾರಿಗೂ ತಲೆ ಆಡಿಸಲ್ಲವಂತೆ. ಹೂಂಗೂ ಇಲ್ಲ, ಊಹೂಂಗೂ ಇಲ್ಲ. ಟೀ ಬೇಕಾ ಅಂದ್ರೆ ಕೈ ಎತ್ತುತ್ತೀರಂತೆ. ಕತ್ತು ನೋವಾ ಅಂತ ಅವನು ಎಣ್ಣೆ ತಂದುಕೊಟ್ಟನಂತೆ.

ನನ್ನ ಕಥೆನೂ ಕೇಳಿ. ನನಗೆ ಈಗ ಎಲ್ಲಿ ನೋಡಿದ್ರೂ ಅದೇ. ಬಸ್ಸಲ್ಲಿ ತೂಕಡಿಸೋರು. ಟೈಲರ್ ಮಿಷನ್ನಿನ ಸೂಜಿ. ಡಾಕ್ಟರು ನನ್ನ ರಿಪೋರ್ಟ್ ನೋಡ್ತಾ ತಲೆ ಆಡಿಸಿದ್ರು, ನಾನು 'ಯಾವ ಪ್ರಶ್ನೆಗೆ ಡಾಕ್ಟ್ರೇ?' ಅಂದೆ. ನಿಮ್ಮದು ಎರಡೂವರೆ ಸೆಕೆಂಡು. ಎರಡು ಸಲ ಕೆಳಗೆ, ಕೊನೇಲಿ ಒಂದು ಚೂರು ಬಲಕ್ಕೆ. ಕಣ್ಣು ಮುಚ್ಚಿದ್ರೆ ಅಷ್ಟೂ ಕಾಣುತ್ತೆ. ಹೋದ ತಿಂಗಳು ಮನೇಲಿ ಹೂದಾನಿ ಒಡೆದಿತ್ತು. ನನ್ನ ಮಗಳು, ಎಂಟು ವರ್ಷ, ಅವಳನ್ನ 'ನೀನು ಒಡೆದ್ಯಾ, ಇಲ್ವಾ?' ಅಂತ ಕೇಳಿದೆ. ಹೂಂ ಅಂತ ತಲೆ ಆಡಿಸಿದ್ಲು. ಎರಡು ಸಲ ಕೆಳಗೆ, ಕೊನೇಲಿ ಬಲಕ್ಕೆ. ಆಮೇಲೆ ಗೊತ್ತಾಯ್ತು, ಒಡೆದಿದ್ದು ಬೆಕ್ಕು. 'ಮತ್ತೆ ಯಾಕೆ ಹೂಂ ಅಂದೆ ಪುಟ್ಟಾ?' ಅಂದ್ರೆ, 'ನೀನು ಟಿವಿ ಥರ ಕೇಳಿದೆಯಲ್ಲಪ್ಪಾ' ಅಂದ್ಲು.

ಮುಂದಿನ ವಾರ ನಮ್ಮದು ಸಾವಿರನೇ ಕಂತು. ಅದಿರಲಿ, ಅದಕ್ಕೂ ಇದಕ್ಕೂ ಸಂಬಂಧ ಇಲ್ಲ.

ಓ, ಮುಚ್ಚಳ ತೆಗೀತಿದ್ದೀರಾ? ಎಷ್ಟು ಸಲೀಸಾಗಿ ಬಂತು ನಿಮ್ಮ ಕೈಗೆ. ಆವತ್ತು ತೀರ್ಪಾದ ಮೇಲೆ ಕಾರಿಡಾರಲ್ಲಿ ನೀವು ಹೇಳಿದ್ರಲ್ಲ, ನನ್ನ ಮೈಕಿಗೆ. ವಾಚು ಬಿಚ್ಚಿದ ಪ್ರತಿಯೊಬ್ಬ ರಿಪೇರಿಯವನೂ ಮುಚ್ಚಳದ ಒಳಗಡೆ ಸೂಜಿಯಲ್ಲಿ ತನ್ನ ಗುರುತು, ವರ್ಷ, ಏನು ಮಾಡಿದೆ ಅನ್ನೋದು ಗೀರಿ ಇಡ್ತಾನೆ ಅಂತ. ಗಿರಾಕಿಗೆ ಅದು ಗೊತ್ತಿರಲ್ಲ, ಅದು ಮುಂದೆ ಬಿಚ್ಚೋ ರಿಪೇರಿಯವನಿಗೆ ಬರೆದ ಕಾಗದ ಇದ್ದ ಹಾಗೆ ಅಂತ. ಎಷ್ಟು ಚೆನ್ನಾಗಿ ಹೇಳಿದ್ರಿ. ಆ ಮಾತು ಎಲ್ಲ ಕತ್ತರಿಸಿದ್ರು. 'ಕಸುಬಿನ ಪಾಠ ಯಾರಿಗೆ ಬೇಕು' ಅಂತ.

ಏನಿದೆ ಒಳಗೆ? ನನಗೂ ತೋರಿಸಿ. ನಾನಂತೂ ನೋಡಿಲ್ಲ. ನಿನ್ನೆ ಸಿಕ್ಕಿದ ವಾಚು, ಇವತ್ತು ನಿಮ್ಮ ಕೈಗೆ ಕೊಟ್ಟಿದ್ದೀನಿ.

…ಯಾಕೆ, ಅಂಚನ್ನ ಯಾಕೆ ಅಷ್ಟು ಹೊತ್ತು ನೋಡ್ತಿದ್ದೀರಿ? ಗುರುತು ಇರೋದು ಒಳಗಡೆ ತಾನೆ. ಅಂಚಲ್ಲಿ ಏನಿದೆ? ಗಾಜು ನನಗ್ಯಾಕೆ? ಬೇಡ, ನನಗೆ ಅದೆಲ್ಲ ನೋಡೋಕೆ ಬರಲ್ಲ… ಸರಿ, ಕೊಡಿ.

ಗೀರು. ಮೂರು ಗೀರು. ಚಾಕು ಹಾಕಿ ಮೀಟಿದ ಹಾಗಿದೆ. ಯಾರೋ ಕಸುಬು ಗೊತ್ತಿಲ್ಲದೋನು ತೆಗೆಯೋಕೆ ಹೋಗಿರಬೇಕು. ಸಾಮಾನು ಕೋಣೆಯೋರು ಇರಬಹುದು, ನಿನ್ನೆ ಮೊನ್ನೆ ಯಾರಾದ್ರೂ…

ಕಪ್ಪಗಾಗಿದೆ.

'ಹೊಸ ಗೀರು ಹೊಳೆಯುತ್ತೆ, ಹಳೇದು ಕಪ್ಪಾಗುತ್ತೆ, ಲೋಹ ಸುಳ್ಳು ಹೇಳಲ್ಲ.' ಅದೂ ನೀವೇ ಹೇಳಿದ್ದು, ಕಾರಿಡಾರಲ್ಲಿ. ನಾನು ತಲೆದೂಗಿ ಕೇಳಿಸ್ಕೊಂಡಿದ್ದೆ. ಕೇಳಿಸ್ಕೊಂಡು ಹೋಗಿ ಕ್ಯಾಂಟೀನಿನ ಚಾಕು ತಂದೆ.

ಗಾಜು ತಗೊಳ್ಳಿ.

ಆವತ್ತೇ ತೆಗೆದೆ. ನೀವು ಗೇಟು ದಾಟಿ ಹೋಗಿ ಹತ್ತು ನಿಮಿಷ ಆಗಿರಲಿಲ್ಲ. ಸಾಮಾನು ಕೋಣೆಯಲ್ಲಿ ಕಿಟಕಿ ಹತ್ರ ನಿಂತು ಮೀಟಿದೆ, ಬೆರಳೂ ಕುಯ್ದುಕೊಂಡೆ. ಒಳಗೆ ನಾಲ್ಕು ಗುರುತಿದ್ವು. ಕೊನೇದು ನಿಮ್ಮದು, 'ತೊಳೆದಿದೆ' ಅಂತ. ಅದರ ಮೇಲಿನದು ಬೇರೆ ಯಾರದೋ ಕೈ, ನಿಮಗಿಂತ ಹದಿನೆಂಟು ವರ್ಷ ಹಿಂದಿನದು. 'ಮಿಷನ್ ಬದಲು, ಮಾಲೀಕರು ಹೇಳಿದ್ದಕ್ಕೆ.' ಅಷ್ಟು ಚಿಕ್ಕ ಅಕ್ಷರ. ಡ್ರೈವರಣ್ಣನ ಅಪ್ಪನೇ ಬದಲಾಯಿಸಿಕೊಂಡಿದ್ದ. ಹಳೇದು ಕೆಟ್ಟಿರಬೇಕು, ಅಗ್ಗದ್ದು ಹಾಕಿಸಿಕೊಂಡ, ಮನೇಲಿ ಹೇಳಲಿಲ್ಲ. ಅದೇ ವಾಚು ಅನ್ನೋ ಹಾಗೆ ದಿನಾ ಬೆಳಗ್ಗೆ ಕೀಲಿ ಕೊಡ್ತಿದ್ದ. ಅಪ್ಪಂದಿರು ಎಲ್ಲ ಹೇಳಲ್ಲ ಅಲ್ವಾ ಮಕ್ಕಳಿಗೆ.

ಟಿವಿಯಲ್ಲಿ ಬರೋಕೆ ಇನ್ನೂ ಹನ್ನೊಂದು ದಿನ ಇತ್ತು. ಹನ್ನೊಂದು ದಿನ. ಮುಚ್ಚಳ ತಗೊಂಡು ಎಡಿಟರ್ ಹತ್ರ ಹೋಗಬಹುದಿತ್ತು. ಎರಡು ದಿನ ಬಿಟ್ಟು ಬಾಗಿಲ ತನಕ ಹೋದೆ. ಒಳಗೆ ಅವನು ಪ್ರೋಮೋ ಕಟ್ತಿದ್ದ, ನಿಮ್ಮ ತಲೆ ನಾಲ್ಕು ಪರದೆಯಲ್ಲಿ ಒಟ್ಟಿಗೆ ಆಡ್ತಿತ್ತು. ಹಿಂದೆ ನಿಂತಿದ್ದೋರೆಲ್ಲ 'ಏನು ಮೈಕಣ್ಣ, ಬಂಗಾರ ಹುಡುಕಿಕೊಟ್ಟೆ' ಅಂತ ನನ್ನ ಬೆನ್ನು ತಟ್ಟಿದ್ರು. ಮುಚ್ಚಳ ಜೇಬಲ್ಲಿತ್ತು. ವಾಪಸ್ ಹೋಗಿ ಒತ್ತಿ ಹಾಕಿ, ಡಬ್ಬಿಯಲ್ಲಿಟ್ಟೆ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡೀತು.

ಇನ್ನೂ ಒಂದಿದೆ. ಹೇಳ್ತೀನಿ ಅಂದಿದ್ನಲ್ಲ. ಜಡ್ಜಮ್ಮ ಪ್ರೋಮೋ ನೋಡಿ ನನ್ನನ್ನ ಮೇಕಪ್ ಕೋಣೆಗೆ ಕರೆಸಿದ್ರು. ಕನ್ನಡಿ ಮುಂದೆ ಕೂತಿದ್ರು, ಕುತ್ತಿಗೆಗೆ ಟವೆಲು. 'ಆ ಗಡಿಯಾರದವರು ತಲೆ ಆಡಿಸಿದ್ದು ನನಗೆ ನೆನಪಿಗೆ ಬರ್ತಿಲ್ಲ ಮೈಕಣ್ಣ. ಅವರು ಬೇರೇನೋ ಹೇಳಿದ ಹಾಗಿತ್ತು. ನೀನು ಅಲ್ಲೇ ಇದ್ದೆಯಲ್ಲ. ಆಡಿಸಿದ್ರಾ?' ಕನ್ನಡಿಯಲ್ಲಿ ನನ್ನನ್ನೇ ನೋಡ್ತಿದ್ರು. ನಿಲ್ಲಿಸೋಕೆ ಅವರೊಬ್ಬರಿಗೆ ಅಧಿಕಾರ ಇತ್ತು. ನಿಲ್ಲಿಸ್ತಿದ್ರು ಕೂಡ. ನಾನು ಬಾಯಿ ಬಿಡಲಿಲ್ಲ. ಹೂಂ ಅಂತ ತಲೆ ಆಡಿಸಿದೆ. ಅವರು 'ಸರಿ ಬಿಡು' ಅಂದ್ರು, ಮೇಕಪ್ಪಿನವಳು ಪೌಡರ್ ಹಚ್ಚೋಕೆ ಶುರು ಮಾಡಿದ್ಲು.

ನಿಮ್ಮದು ಬೆಳಕಿಗೆ ಆಡಿಸಿದ್ದು. ನನ್ನದು ಸುಳ್ಳಿಗೆ.

ಓಡ್ತಿದೆಯಾ? ಕಿವಿ ಹತ್ರ ಕೊಡಿ… ಓಡ್ತಿದೆ. ಇಷ್ಟು ಗಡಿಯಾರದ ಮಧ್ಯೆ ಇದೊಂದೇ ಕೇಳಿಸ್ತಿದೆ ನನಗೆ. ಏನು ಗೀರ್ತಿದ್ದೀರಿ? ನಿಮ್ಮ ಗುರುತಾ? ಇವತ್ತಿನ ತಾರೀಕು? ಹಾಕಿ. ಹಾಕಲೇಬೇಕು.

ಒಂದು ಕೇಳ್ತೀನಿ. ಹೆಚ್ಚಲ್ಲ. ನನ್ನನ್ನ ಕ್ಷಮಿಸಿದ್ದೀನಿ ಅಂತ ಬಾಯಲ್ಲಿ ಹೇಳೋದು ಕಷ್ಟ, ನನಗೂ ಗೊತ್ತು. ಹೇಳಬೇಡಿ. ಒಂದೇ ಒಂದ್ಸಲ ತಲೆ… ಸುಮ್ಮನೆ… ಹೂಂ ಅಂತ. ಚೂರು ಬಗ್ಗಿಸಿದ್ರೂ ಸಾಕು. ಈ ಕಡೆ ತಿರುಗಿ. ನಾನು ಮನೆಗೆ ಹೋಗಿ ನಿದ್ದೆ ಮಾಡ್ತೀನಿ. ನಾಲ್ಕು ವರ್ಷ ಆಯ್ತು ನಾನು ನೆಟ್ಟಗೆ ಮಲಗಿ. ಆಡಿಸ್ತೀರಾ?

…

ಯಾಕೆ ಮತ್ತೆ ಅಲ್ಲೇ ನೋಡ್ತೀರಿ? ಮುಖ ನೋಡಿ ನನ್ನ. ಗುಂಡಿ ಯಾಕೆ ನೋಡ್ತೀರಿ? ಸಡಿಲ ಆಗಿದೆ ಅಂದ್ನಲ್ಲ… ನಾನೇನು ಮುಟ್ಟಿ ನೋಡ್ಕೊಳ್ತಿಲ್ಲ. ಕೈ ಹಾಗೇ ಹೋಯ್ತು.

ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡನಂತೆ.

ಯಾವಾಗ ಗೊತ್ತಾಯ್ತು ನಿಮಗೆ? ಬಂದ ಕೂಡ್ಲೇನಾ? ಆ ಗಾಜು ಸಿಗಿಸ್ಕೊಂಡು ಮೊದಲ ಸಲ ನೋಡಿದಾಗಲೇ? ಅದಕ್ಕೇನಾ ಇಷ್ಟು ಹೊತ್ತು ಒಂದು ಮಾತಿಲ್ಲ, ಒಂದು ಹೂಂ ಇಲ್ಲ, ಕತ್ತು ಅಲ್ಲಾಡಿಸಲಿಲ್ಲ?

ಹೌದು. ಓಡ್ತಿದೆ. ಇತರ ಗುಂಡಿಗಳಿಗೆ ನಾಲ್ಕು ತೂತು, ಇದಕ್ಕೆ ಒಂದೇ, ಅದು ಕ್ಯಾಮೆರಾದ ಕಣ್ಣು. ಆ ವ್ಯಾನು ನಮ್ಮದು. ಸಾವಿರನೇ ಕಂತಿಗೆ ಒಂದು ರಾಜಿ ಬೇಕಿತ್ತು ಅವರಿಗೆ. ಸೋತೋರು ಕ್ಷಮಿಸಿದ್ರು, ಎಲ್ಲ ಸುಖವಾಗಿದ್ದಾರೆ ಅಂತ ತೋರಿಸೋಕೆ. ಕ್ಯಾಮೆರಾ ಕಂಡ್ರೆ ನೀವು ಒಪ್ಪಲ್ಲ ಅಂತ ಹೀಗೆ ಮಾಡಿದ್ವಿ. ಕಾಗದಕ್ಕೆ ಸಹಿ ಆಮೇಲೆ ತಗೊಂಡ್ರಾಯ್ತು ಅಂದ್ರು. ನೀವು ಮಾತಾಡದೆ ಇದ್ರೂ ಪರವಾಗಿಲ್ಲ ಅಂದ್ರು. ಒಂದ್ಸಲ ತಲೆ ಆಡಿಸಿದ್ರೆ ಸಾಕು, ಉಳಿದಿದ್ದು ಅವರು ನೋಡ್ಕೊಳ್ತಾರೆ ಅಂತ.

ಕ್ಷಮೆ ಕೇಳೋಕೇ ಬಂದೆ, ನಿಜವಾಗ್ಲೂ. ಅದನ್ನ ಕ್ಯಾಮೆರಾದಲ್ಲಿ ಹಿಡ್ಕೊಂಡು ಹೋಗೋಕೂ ಬಂದೆ. ಎರಡೂ ನಿಜ. ಚಾಕುವಿನ ವಿಷಯ, ಜಡ್ಜಮ್ಮನ ವಿಷಯ, ಅದು ಯಾವುದೂ ಹೇಳಬೇಕು ಅಂತ ಇರಲಿಲ್ಲ. ಇದು ಓಡ್ತಿದೆ ಅನ್ನೋದೇ ಮರೆತುಹೋಯ್ತು. ನೀವು ಸುಮ್ಮನಿದ್ರಿ, ಸುಮ್ಮನಿದ್ರಿ, ನಾನು ಆ ಮೌನದ ಗುಂಡಿ ತುಂಬಿಸ್ತಾ ಹೋದೆ.

ದೀಪ ಯಾಕೆ ಈ ಕಡೆ ತಿರುಗಿಸ್ತಿದ್ದೀರಿ? ಕಣ್ಣಿಗೆ ಹೊಡೀತಿದೆ. ಸ್ವಲ್ಪ ಕೆಳಗೆ… ಹಾಂ.

ನಿಮ್ಮ ಹಿಂದೆ ಆ ದೊಡ್ಡ ಗಡಿಯಾರದ ಗಾಜಲ್ಲಿ ನನ್ನ ಮುಖ ಕಾಣ್ತಿದೆ. ಇದಕ್ಕೂ ಕಾಣ್ತಿರಬೇಕು, ಗುಂಡಿಗೆ. ಇಪ್ಪತ್ತು ವರ್ಷದಲ್ಲಿ ನಾನು ಒಂದ್ಸಲವೂ ಕ್ಯಾಮೆರಾ ಮುಂದೆ ಬೆಳಕಲ್ಲಿ ಕೂತಿಲ್ಲ ಗೊತ್ತಾ. ಮೈಕು ಹಿಡಿದ ಕೈ ಮಾತ್ರ ಕಾಣ್ತಿತ್ತು.

ಕೇಳಿ ಮತ್ತೆ. ನೀವು ಬದಲಾಯಿಸಿಲ್ಲ ಅಂತ ನನಗೆ ಗೊತ್ತಿತ್ತಾ, ಇಲ್ವಾ, ಅಂತ ಕೇಳಿ… ಕೇಳಲ್ಲ ನೀವು. ಸರಿ.

ನೋಡಿ, ಗಾಜಲ್ಲಿ ನನ್ನ ತಲೆ ನೋಡಿ. ಎರಡು ಸಲ ಕೆಳಗೆ. ವ್ಯಾನಲ್ಲಿ ಇರೋರಿಗೆ ಕೇಳಿಸ್ತಿದೆಯಾ? ಇದು ಬೆಳಕು ನೋಡೋಕೆ ಆಡಿಸಿದ್ದಲ್ಲ.